ನೀರು ಕುಡಿದ ದತ್ತೂರಿ

"ಅಮ್ಮಾರ, ಈ ಗಿಡಕ್ಕ ಯಾರೋ ನೀರು ಹಾಕ್ಯಾರ."

ಓಬಳೇಶ ಹಾಗಂದವನೇ ಕುಡಗೋಲು ಕೆಳಗಿಳಿಸಿ ಎರಡು ಹೆಜ್ಜೆ ಹಿಂದೆ ಸರಿದ. ಬೆಳಗಿನಿಂದ ಬಳ್ಳಾರಿ ಜಾಲಿಯ ಮುಳ್ಳಿಗೆ ಜಗ್ಗದೆ, ಕಳ್ಳಿಯ ಹಾಲಿಗೆ ಅಂಜದೆ ಕೆಲಸ ಮಾಡಿದ ಗಟ್ಟಿ ಆಳು, ಒದ್ದೆ ಮಣ್ಣು ಕಂಡು ಬೆವತಿದ್ದ.

ಪಂಪಾವತಿ ಕೊಡೆ ಮಡಚಿ ಹತ್ತಿರ ಹೋದಳು. ಮೊಣಕಾಲು ನೋವಿನ ಹೆಂಗಸು. ಮಹಿಳಾ ಠಾಣೆಯ ಎಎಸ್‌ಐ ಕೆಲಸ ಬಿಟ್ಟು ಸ್ವಂತ ಪತ್ತೇದಾರಿಕೆ ಶುರು ಮಾಡಿದ ಮೇಲಂತೂ ಯಾರ ಮುಂದೆಯೂ ಬಗ್ಗಿದವಳಲ್ಲ. ಈಗ ಗೊಣಗಿಕೊಂಡೇ ಬಗ್ಗಿ, ದತ್ತೂರಿಯ ಬುಡಕ್ಕೆ ಬೆರಳು ಒತ್ತಿದಳು. ಮಣ್ಣು ತಣ್ಣಗಿತ್ತು. ಬೆರಳಿಗೆ ಅಂಟಿಕೊಂಡು ಬಂತು.

ಏಪ್ರಿಲ್ ತಿಂಗಳ ಮಟಮಟ ಮಧ್ಯಾಹ್ನ. ಕುರುಗೋಡಿನ ಗುಡ್ಡದ ಬಂಡೆಗಳು ಕಾದು ಕೆಂಡವಾಗಿ, ಹಲ್ಲಿ ಕೂಡ ಗೋಡೆ ಬಿಟ್ಟು ಸಂದಿ ಸೇರುವ ಹೊತ್ತು. ಹಿತ್ತಲಲ್ಲಿ ಕಾಂಗ್ರೆಸ್ ಕಸ ಒಣಗಿ ಕಡ್ಡಿಯಾಗಿತ್ತು. ಎಕ್ಕೆಯ ಎಲೆ ಹಳದಿಗೆ ತಿರುಗಿತ್ತು. ಹಿಂದಿನ ಗೋಡೆಯ ಪಕ್ಕದಲ್ಲಿ ಮಾತ್ರ ಒಂದು ಪಾತಿ ದತ್ತೂರಿ ಎದೆಮಟ್ಟಕ್ಕೆ ಬೆಳೆದು, ಹಚ್ಚಗೆ ಕೊಬ್ಬಿ, ಮುಳ್ಳುಕಾಯಿ ತೂಗಿಸಿಕೊಂಡು ನಿಂತಿತ್ತು. ಹಿತ್ತಲ ಗಿಡ ಮದ್ದಲ್ಲ ಅನ್ನುತ್ತಾರೆ ಹಿರಿಯರು. ಈ ಹಿತ್ತಲ ಗಿಡ ಅಪ್ಪಟ ವಿಷ, ಆದರೂ ಅದನ್ನು ಯಾರೋ ಅಕ್ಕರೆಯಿಂದ ಸಾಕಿದ್ದರು.

"ಇದು ಮನಷ್ಯಾರ ಕೆಲಸ ಅಲ್ರಿ," ಎಂದ ಓಬಳೇಶ. "ಬೀಗ ಹಾಕಿದ ಮನಿ. ಹಿತ್ತಲಾಗ ನಲ್ಲಿ ಇಲ್ಲ, ಬಾವಿ ಬತ್ತೈತಿ."

"ಬಿಂದಿಗಿ ಹೊತ್ತು ನೀರು ಹಾಕೋ ದೆವ್ವ ಇದ್ರ ನಮ್ಮ ಓಣಿಗೂ ಒಂದು ಕಳಸಪ್ಪ. ನಮಗ ವಾರಕ್ಕೊಮ್ಮೆ ನಲ್ಲಿ ಬರತೈತಿ," ಎಂದಳು ಪಂಪಾವತಿ. "ಕೈಗೆ ಸುತ್ತಿದ ಚೀಲ ಬಿಚ್ಚಬ್ಯಾಡ. ದತ್ತೂರಿ ಮುಟ್ಟಿದ ಕೈಲೇ ಕಣ್ಣು ಉಜ್ಜಿಕೊಂಡಿ ಅಂದ್ರ ನಾಳಿ ತನಕ ಎಲ್ಲಾ ಮಂಜು. ಕಡದಿದ್ದನ್ನ ಸುಡಾಕೂ ಹೋಗಬ್ಯಾಡ, ಹೊಗಿ ತಲಿಗೇರತೈತಿ."

ಬಾಯಲ್ಲಿ ತಮಾಷೆ ಬಂತೇ ಹೊರತು ಅವಳ ಕಣ್ಣು ಹಿಂದಿನ ಗೋಡೆಯ ಮೇಲೇ ಇತ್ತು. ಗೋಡೆಯಾಚೆ ಗುಡ್ಡ. ಗುಡ್ಡದಲ್ಲಿ ಒಂದು ಹಕ್ಕಿಯ ಸದ್ದೂ ಇರಲಿಲ್ಲ.

"ಮೌನಿಕಾ, ಕೀಲಿ ಯಾರ್‍ಯಾರ ಹತ್ರ ಅದಾವು?"

ಹುಡುಗಿ ಮುಖಕ್ಕೆ ಸುತ್ತಿಕೊಂಡಿದ್ದ ದುಪಟ್ಟಾ ಸರಿಸಿದಳು. "ಅವ್ವನ ಹತ್ರ ಒಂದು, ಮಾರೇಶ ಕಾಕನ ಹತ್ರ ಒಂದು. ಅವ್ವ ಅಮಾಸಿಗೆ ಬಂದು ದೇವರ ಮುಂದ ದೀಪ ಹಚ್ಚಿ ಹೋಗತಾಳ. ನಾ ಜತಿಗೆ ಬಂದ್ರ ಪಡಸಾಲಿ ದಾಟಾಕ ಬಿಡಂಗಿಲ್ಲ. ಹಾವು ಅದಾವು ಅಂತಾಳ."

ಮೌನಿಕಾಳ ಅಪ್ಪ ಕೊಟ್ಟೂರಪ್ಪ ಸಿರುಗುಪ್ಪದ ರೈಸ್ ಮಿಲ್ಲೊಂದರಲ್ಲಿ ಮೇಸ್ತ್ರಿ. ಒಂಬತ್ತು ವರ್ಷದ ಹಿಂದೆ ಕೆಲಸಕ್ಕೆಂದು ಹೋದವನು ತಿರುಗಿ ಬಂದಿರಲಿಲ್ಲ. ಈಗ ಮಗಳ ಮದುವೆ ಗೊತ್ತಾಗಿ, ಲಗ್ನಪತ್ರಿಕೆ ಬಳ್ಳಾರಿಯ ಪ್ರೆಸ್ಸಿನಲ್ಲಿ ಅಚ್ಚಿಗೆ ಕಾದಿತ್ತು. ಅಪ್ಪನ ಹೆಸರಿನ ಮುಂದೆ 'ದಿವಂಗತ' ಎಂದು ಹಾಕಬೇಕೋ ಬೇಡವೋ, ಅದೊಂದು ತೀರ್ಮಾನವಾಗಬೇಕಿತ್ತು. ಆ ಒಂದು ಮಾತಿಗೆ ಉತ್ತರ ಹುಡುಕಿಕೊಡಿ ಎಂದೇ ಮೌನಿಕಾ ಕೌಲ್ ಬಜಾರಿನಲ್ಲಿರುವ ಪಂಪಾವತಿಯ ಆಫೀಸಿನ ಮೆಟ್ಟಿಲು ಹತ್ತಿದ್ದಳು.

ಮದುವೆಯ ಅಡುಗೆಗೆ ಕುರುಗೋಡಿನ ಹಿತ್ತಲಲ್ಲಿ ಒಲೆ ಹೂಡೋಣ ಎಂದು ಮಗಳು ಕೇಳಿದಾಗಲೆಲ್ಲ ತಾಯಿ ಜಡೆಮ್ಮ ಹಾವಿನ ನೆವ ಹೇಳಿ ಬಾಯಿ ಮುಚ್ಚಿಸುತ್ತಿದ್ದಳು. ಅದನ್ನು ಕೇಳಿಯೇ ಪಂಪಾವತಿಗೆ ಹೊಗೆಯ ವಾಸನೆ ಹತ್ತಿದ್ದು. ಇವತ್ತು ಜಡೆಮ್ಮ ಸಿರುಗುಪ್ಪದ ಬಸ್‌ಸ್ಟ್ಯಾಂಡ್ ಹತ್ತಿರದ ತನ್ನ ಮಿರ್ಚಿ ಅಂಗಡಿಯಲ್ಲಿ ಬಾಣಲೆ ಮುಂದೆ ಕೂತ ಹೊತ್ತಿಗೆ, ಅವಳ ಕೀಲಿಗೊಂಚಲಿನಿಂದ ಒಂದು ಕೀಲಿ ಮಾಯವಾಗಿ ಕುರುಗೋಡಿಗೆ ಬಂದಿತ್ತು.

"ಇಲ್ಲಿ ನೋಡ್ರಿ," ಎಂದಳು ಮೌನಿಕಾ.

ದತ್ತೂರಿಯ ಬುಡದ ಸುತ್ತ ಭತ್ತದ ಹೊಟ್ಟು ಹರಡಿತ್ತು. ಮೇಲಿನ ಪದರ ಹೊಸದು, ಬಂಗಾರದ ಬಣ್ಣ. ಪಂಪಾವತಿ ಕೊಡೆಯ ತುದಿಯಿಂದ ಕೆದಕಿದಳು. ಕೆಳಗಿನದು ಕಂದು. ಅದರ ಕೆಳಗಿನದು ಕೊಳೆತು ಕಪ್ಪಾಗಿ ಮಣ್ಣಿನ ಜೊತೆ ಸೇರಿಹೋಗಿತ್ತು. ಒಂದು ಸಲ ಹಾಕಿದ್ದಲ್ಲ ಇದು, ವರ್ಷವರ್ಷವೂ ಹಾಕಿಕೊಂಡು ಬಂದದ್ದು.

"ಅಪ್ಪ ಹಿಂಗ ಮಾಡತಿದ್ರು." ಮೌನಿಕಾಳ ದನಿ ಸಣ್ಣಗಾಯಿತು. "ನಮ್ಮ ಮಲ್ಲಿಗಿ ಬಳ್ಳಿಗೆ ಮಿಲ್ಲಿನಿಂದ ಹೊಟ್ಟು ತಂದು ಹಾಕೋರು. ತಂಪು ಹಿಡೀತೈತಿ ಅನ್ನೋರು. ಬಗ್ಗಾಕ ಆಗತಿದ್ದಿಲ್ಲ ಅವ್ರಿಗೆ, ಬಲಗಾಲಾಗ ಸ್ಟೀಲ್ ಪ್ಲೇಟು ಇತ್ತಲ್ಲ. ಮಿಲ್ಲಿನ ಬೆಲ್ಟಿಗೆ ಸಿಕ್ಕು ಮುರದಿತ್ತು. ಆ ಕಾಲು ಉದ್ದಕ ಚಾಚಿ ಕುಂತು ಹೊಟ್ಟು ಹರವೋರು. ನಾ ಕಾಲು ಒತ್ತೋವಾಗ ಸ್ಕ್ರೂ ತಲಿ ಕೈಗೆ ಹತ್ತತಿದ್ವು. ತೆಗಸ್ರಿ ಅಂತ ಡಾಕ್ಟ್ರು ಎಷ್ಟು ಹೇಳಿದ್ರೂ ತೆಗಸಲಿಲ್ಲ."

"ಸಿರುಗುಪ್ಪದಾಗ ಹೊಟ್ಟು ತಂದು ಹಾಕೋರು ನಿಮ್ಮಪ್ಪ ಒಬ್ರೇ ಅಲ್ಲ ಬಿಡವ್ವ," ಎಂದಳು ಪಂಪಾವತಿ. ಹುಡುಗಿಯ ಕಣ್ಣಲ್ಲಿ ಹೊತ್ತಿಕೊಂಡ ಆಸೆಯನ್ನು ಅವಳು ನೋಡಿದ್ದಳು. ಅಂಥ ಆಸೆಗಳಿಗೆ ಠಾಣೆಯಲ್ಲಿ ಎಷ್ಟು ಸಲ ತಣ್ಣೀರು ಸುರಿದಿದ್ದಳೋ, ಲೆಕ್ಕ ಇಟ್ಟಿರಲಿಲ್ಲ.

ಗಿಡದ ಪಕ್ಕದಲ್ಲಿ ಒದ್ದೆ ಮಣ್ಣು ಉದ್ದಕ್ಕೆ ತಗ್ಗಾಗಿತ್ತು, ದಿಮ್ಮಿಯೊಂದನ್ನು ಇಟ್ಟು ಎತ್ತಿದ ಹಾಗೆ. ಪಂಪಾವತಿ ಅದನ್ನು ನೋಡಿದಳು, ಓಬಳೇಶ ಜಾಲಿಯ ಬೊಡ್ಡೆ ಎಳೆದಿರಬೇಕು ಅಂದುಕೊಂಡು ದಾಟಿ ಹೋದಳು.

ಹಿಂದಿನ ಗೋಡೆ ಒಂದು ಕಡೆ ಕುಸಿದು, ಆಳು ನುಸುಳುವಷ್ಟು ಸಂದಿ ಬಿದ್ದಿತ್ತು. ಅದರಾಚೆ ಎರಡು ಬಂಡೆಗಳ ನಡುವೆ ಏನೋ ನೀಲಿ ಕಂಡಿತು. ಪ್ಲಾಸ್ಟಿಕ್ ಬಿಂದಿಗೆ. ಪಂಪಾವತಿ ಎತ್ತಿ ಅಲ್ಲಾಡಿಸಿದಳು.

ತಳದಲ್ಲಿ ನೀರು ಕುಲುಕಿತು.

"ಓಬಳೇಶ, ಈ ಕಡಿ ಗಿಡ ಹಂಗೇ ಇರಲಿ. ಮೊದಲು ಆ ಮೂಲಿ ಕಸ ತಗಿ," ಎಂದಳು. ಬಿಂದಿಗೆಯನ್ನು ಇದ್ದ ಜಾಗದಲ್ಲೇ ಇಟ್ಟಳು.

ಮೂಲೆಯಲ್ಲಿ ಆಳೆತ್ತರದ ರಾಶಿ. ಒಡೆದ ಹೆಂಚು, ಸಿಮೆಂಟ್ ಶೀಟಿನ ಚೂರು, ತುಕ್ಕು ತಿಂದ ಕೊಳಗ, ಕಾಲು ಮುರಿದ ಹೊರಸು, ಬಾಟಲಿ ಗಾಜು. ಓಬಳೇಶ ಒಂದೊಂದನ್ನೇ ಕೋಲಿನಿಂದ ತಟ್ಟಿ, ಹಾವು ಚೇಳು ಇಲ್ಲ ಎಂದು ಖಾತ್ರಿ ಮಾಡಿಕೊಂಡು ಎತ್ತಿ ಹಾಕಿದ. ತಳ ಸೇರುವ ಹೊತ್ತಿಗೆ ಕರಿಕಲ್ಲಿನ ಒರಳು ಸಿಕ್ಕಿತು. ಬೋರಲಾಗಿ ಕೂತಿತ್ತು.

"ಒರಳನ್ನ ಯಾರಾರ ಬೋರಲು ಹಾಕತಾರೇನ್ರಿ? ನಾ ಮುಟ್ಟಂಗಿಲ್ಲ."

"ನಾಕು ಆಳಿನ ಊಟ ಉಂಡು ಒಂದು ಒರಳಿಗೆ ಅಂಜತೀಯಲ್ಲೋ. ಸರಿ, ಆ ಕಡಿ ನಿಂದು, ಈ ಕಡಿ ನಂದು."

ಇಬ್ಬರೂ ಸೇರಿ ಹಾರೆ ಕೊಟ್ಟು ಎಬ್ಬಿಸಿದರು. ಒರಳಿನ ಕೆಳಗೆ ನೆಲದಲ್ಲಿ ಹೂತಿದ್ದ ಮಣ್ಣಿನ ಕುಡಿಕೆ. ಬಾಯಿಗೆ ಬಟ್ಟೆ ಕಟ್ಟಿತ್ತು. ಮುಟ್ಟಿದ ಕೂಡಲೇ ಬಟ್ಟೆ ಪುಡಿಯಾಯಿತು.

ಪಂಪಾವತಿ ಅದನ್ನು ತನ್ನ ಸೆರಗಿನ ಮೇಲೆ ಬೋರಲು ಹಾಕಿದಳು. ಹಸಿರು ಗಾಜಿನ ಚೂರುಗಳು ಬಿದ್ದವು. ಬಳೆಯ ಚೂರು. ಎರಡೂ ಕೈಯ ಬಳೆ. ಅದರ ಜೊತೆಗೆ ಬೆಳ್ಳಿಯ ಎರಡು ಕಾಲುಂಗುರ, ಹರಿದ ಕರಿಮಣಿ ದಾರ, ಅದರಲ್ಲಿ ಸಿಕ್ಕಿಕೊಂಡ ಪುಟ್ಟ ತಾಳಿ.

ಮೌನಿಕಾ ಅದನ್ನು ಮುಟ್ಟಲಿಲ್ಲ. "ಇದು ಅವ್ವನ ತಾಳಿ," ಎಂದಳು. "ಫೋಟೋದಾಗ ಐತಿ. ಹಳೇದು ಸವದಿತ್ತು, ಹೊಸಾದು ಮಾಡಿಸಿಕೊಂಡೆ ಅಂದಿದ್ಲು ನನಗ."

ಅಕಸ್ಮಾತ್ ಬಳೆ ಒಡೆದರೂ ಬಾಯಿಬಿಟ್ಟು 'ಒಡೆಯಿತು' ಅನ್ನಲು ಹಿಂಜರಿಯುವ ಹೆಂಗಸರ ನಾಡು ಇದು. ಬೇಕೆಂದು, ಎರಡೂ ಕೈಯಲ್ಲಿ ಒಂದೂ ಉಳಿಯದ ಹಾಗೆ ಬಳೆ ಒಡೆಯುವುದು ಜೀವಮಾನದಲ್ಲಿ ಒಮ್ಮೆ. ಅದೂ ಒಂದೇ ಜಾಗದಲ್ಲಿ, ಗಂಡನನ್ನು ಮಣ್ಣು ಮಾಡಿದಲ್ಲಿ.

ಪಂಪಾವತಿ ಮೆಲ್ಲಗೆ ತಿರುಗಿ ದತ್ತೂರಿಯ ಪಾತಿಯನ್ನು ನೋಡಿದಳು. ಈಗ ಅದರ ಆಕಾರ ಕಂಡಿತು. ಒಬ್ಬ ಮನುಷ್ಯ ಅಂಗಾತ ಮಲಗುವಷ್ಟು ಉದ್ದ, ಅವನ ಮೈಯಷ್ಟೇ ಅಗಲ. ಗಿಡಗಳು ಅದರ ಅಂಚು ದಾಟಿ ಒಂದೂ ಬೆಳೆದಿರಲಿಲ್ಲ.

"ನಿಮ್ಮವ್ವಗ ಫೋನ್ ಮಾಡು," ಎಂದಳು. "ಏನೂ ಹೇಳಬ್ಯಾಡ. ಕುರುಗೋಡಿಗೆ ಬಾ ಅಂತ ಅಷ್ಟೇ ಹೇಳು."

ಜಡೆಮ್ಮ ಬರುವ ತನಕ ಪಂಪಾವತಿ ಮಾರೇಶನಿಗೆ ಫೋನ್ ಹಚ್ಚಿದಳು. ಸ್ವಿಚ್ಡ್ ಆಫ್. ಮತ್ತೆ ಹಚ್ಚಿದಳು. ಅದೇ.

"ಬಾದನಹಟ್ಟ್ಯಾಗ ಹೊಲದಾಗ ಇರ್‍ತಾರ ಕಾಕ. ಫೋನ್ ಯಾವತ್ತೂ ಆಫ್ ಮಾಡಂಗಿಲ್ಲ," ಎಂದ ಮೌನಿಕಾ ಒಮ್ಮೆಲೇ ತುಟಿ ಕಚ್ಚಿಕೊಂಡಳು. "ಮೇಡಂ, ನಿನ್ನೆ ಸಂಜಿ ಕಾಕಗ ಹೇಳಿದ್ದೆ. ಹಿತ್ತಲ ಸ್ವಚ್ಛ ಮಾಡಸ್ತೀನಿ, ಅವ್ವಗ ಹೇಳಬ್ಯಾಡ್ರಿ ಅಂತ."

"ಏನಂದ?"

"ಏನೂ ಅನಲಿಲ್ಲ. ಫೋನ್ ಇಟ್ರು."

ಪಂಪಾವತಿ ಹುಡುಗಿಯನ್ನು ಬೈಯಬೇಕೆಂದುಕೊಂಡಳು. ಮುಖ ನೋಡಿ ಮತ್ತೆ ಮಾರೇಶನ ನಂಬರು ಒತ್ತಿದಳು.

ಊಟದ ಹೊತ್ತು ಮೀರಿ ಜಡೆಮ್ಮ ಬಂದಳು. ಸೆರಗಿಗೆ ಕಡ್ಲಿಹಿಟ್ಟು ಮೆತ್ತಿತ್ತು, ಮೈಯೆಲ್ಲ ಕರಿದ ಎಣ್ಣೆಯ ವಾಸನೆ. ಹಣೆಯಲ್ಲಿ ಕಾಸಿನಗಲ ಕುಂಕುಮ, ಎರಡೂ ಕೈ ತುಂಬ ಹಸಿರು ಬಳೆ. ತಲೆಬಾಗಿಲು ತೆರೆದಿರುವುದನ್ನು ನೋಡಿ ಅವಳು ಮಗಳ ಹೆಸರು ಕೂಗಲಿಲ್ಲ. ನೇರ ಪಡಸಾಲೆ ದಾಟಿ ಹಿತ್ತಲ ಬಾಗಿಲಿಗೆ ಬಂದು, ಅಲ್ಲೇ ಚೌಕಟ್ಟು ಹಿಡಿದು ನಿಂತಳು.

"ಯಾರು ಹೇಳಿದ್ರು ಇಲ್ಲಿ ಕೈ ಹಚ್ಚಾಕ?"

"ನಾನೇ, ಅವ್ವ."

"ಹಾವು ಅದಾವು ಅಂತ ಹೇಳಿದ್ದಿಲ್ಲೇನು ನಿನಗ?"

"ಹಾವು ಸಿಗಲಿಲ್ಲ," ಎಂದಳು ಪಂಪಾವತಿ. ಸೆರಗಿನಲ್ಲಿದ್ದದ್ದನ್ನು ಒರಳಿನ ಮೇಲೆ ಸುರಿದಳು. "ಇದು ಸಿಕ್ಕೈತಿ. ಕುಂದರ್‍ರಿ ಜಡೆಮ್ಮ."

ಜಡೆಮ್ಮ ಕೂರಲಿಲ್ಲ. "ಒಡದ ಬಳಿ. ಕಾಲಿಗೆ ಚುಚ್ಚತಾವು ಅಂತ ಮುಚ್ಚಿಟ್ಟಿದ್ದೆ."

"ತಾಳಿನೂ ಕಾಲಿಗೆ ಚುಚ್ಚತೈತೇನು?"

ಜಡೆಮ್ಮ ಸೆರಗಿಗೆ ಮೆತ್ತಿದ ಹಿಟ್ಟು ಕೆರೆಯತೊಡಗಿದಳು.

"ನಾನೂ ಬಳಿ ಒಡದಾಕಿ ಅದೀನಿ, ಜಡೆಮ್ಮ." ಪಂಪಾವತಿ ತನ್ನ ಬೋಳು ಕೈಗಳನ್ನು ಮುಂದೆ ಚಾಚಿದಳು. ಒಂದರಲ್ಲಿ ಗಡಿಯಾರ, ಇನ್ನೊಂದರಲ್ಲಿ ಏನೂ ಇಲ್ಲ. "ಜಾರಿ ಬಿದ್ರ ಒಂದೋ ಎರಡೋ ಒಡೀತಾವು. ಕಲ್ಲಿಗೆ ಬಡದ್ರ ಹಿಂಗ ಚೂರು ಆಗತಾವು. ನನಗ ಮೂರು ಮಂದಿ ಕೈ ಹಿಡದು ಒಡಸಿದ್ರು. ನಿಮಗ ಯಾರು ಹಿಡದ್ರು?"

ಜಡೆಮ್ಮ ಆ ಕೈಗಳನ್ನು ನೋಡಿದಳು. ಆಮೇಲೆ ಗೋಡೆಗೆ ಒರಗಿ ಕುಸಿದು ಕೂತಳು.

"ಯಾರೂ ಹಿಡಿಲಿಲ್ಲ," ಎಂದಳು. "ನಾನೇ ಒಡಕಂಡೆ."

ಮೌನಿಕಾ ನಿಂತಲ್ಲೇ ನಿಂತಳು. ಓಬಳೇಶ ಸದ್ದಿಲ್ಲದೆ ತಲೆಯ ಟವೆಲ್ ತೆಗೆದು ಕಂಕುಳಲ್ಲಿ ಇಟ್ಟುಕೊಂಡ.

"ಆ ವಾರ ನಮ್ಮ ಮನಿಯವ್ರು ಸರಿಯಾಗಿ ಉಂಡಿದ್ದಿಲ್ಲ. ಮಿಲ್ಲಿನಾಗ ಒಬ್ಬ ಹಮಾಲಿ ಜತಿ ಜಗಳ ಆಗಿತ್ತಂತ. ಆ ಹಮಾಲಿನೂ ಅದೇ ವಾರ ಕೆಲಸ ಬಿಟ್ಟು ಹೋದ, ಮತ್ತ ಕಾಣಲಿಲ್ಲ ಅಂತ ಮಿಲ್ಲಿನವ್ರು ಅಂದ್ರು. ನಾ ಕೇಳಿದ್ರ ಮಾತಿಲ್ಲ. ನಾನಾಗ ಇದೇ ಮನ್ಯಾಗ ಇದ್ದೆ, ಇಕಿ ಸಾಲಿ ಸಲುವಾಗಿ ಸಿರುಗುಪ್ಪದಾಗ ನಮ್ಮಕ್ಕನ ಮನ್ಯಾಗ ಇದ್ಲು. ಒಂದಿನ ಹೊತ್ತು ಮುಳುಗಿದ ಮ್ಯಾಲೆ ನಮ್ಮ ಮೈದುನ ಟ್ರ್ಯಾಕ್ಟರ್ ತಂದು ಹಿತ್ತಲ ಕಡಿ ನಿಲ್ಲಿಸಿದ. ಟ್ರೇಲರಿನಾಗ ಹುಲ್ಲು. ಹುಲ್ಲಿನ ತೆಳಗ ಅವರು."

"ಮಾರೇಶ ಏನು ಹೇಳಿದ?"

"ಅಣ್ಣ ಉರುಲು ಹಾಕ್ಕಂಡಾನ ಅಂದ. ಪೊಲೀಸರಿಗೆ ಗೊತ್ತಾದ್ರ ದವಾಖಾನಿಗೆ ಒಯ್ದು ಕೊಯ್ತಾರ, ಹೊಟ್ಟಿ ತಲಿ ಎಲ್ಲಾ ಕೊಯ್ದು ಹೊಲೀತಾರ, ಆಮ್ಯಾಲೆ ಊರಿಗೆಲ್ಲಾ ಗೊತ್ತಾಗತೈತಿ, ಉರುಲು ಹಾಕ್ಕಂಡವನ ಮಗಳನ್ನ ಯಾರು ತರತಾರ ಅಂದ. ಕಾಣೆ ಆಗ್ಯಾನ ಅಂತ ಹೇಳೋಣ ಅಂದ. ಅಳತಿದ್ದ ಆತ. ನನಕಿಂತ ಜಾಸ್ತಿ ಅಳತಿದ್ದ."

"ನೀವು ಮುಖ ನೋಡಿದ್ರಾ?"

"ಕೇಳಿದೆ ನಾನು. ಉರುಲು ಹಾಕ್ಕಂಡವರ ಮುಖ ಹೆಂಡ್ತಿ ನೋಡಬಾರ್‍ದು, ನೋಡಿದ್ರ ಆತ್ಮ ಮನಿ ಬಿಟ್ಟು ಹೋಗಂಗಿಲ್ಲ ಅಂದ. ತಾಡಪಾಲಿನಾಗ ಸುತ್ತಿದ್ದ. ಎದಿ ಹತ್ರ ಸ್ವಲ್ಪ ಸರಿಸಿ ಅಂಗಿ ತೋರಿಸಿದ. ಅವರದೇ ಅಂಗಿ. ಕಿಸೆ ಹರದಿತ್ತು ಅಂತ ನಾನೇ ಬ್ಯಾರೆ ಬಟ್ಟಿ ಹಚ್ಚಿ ಹೊಲದಿದ್ದೆ." ಅವಳು ಉಸಿರು ತೆಗೆದುಕೊಂಡಳು. "ತಲಿ ಕಡಿ ಅವನು ಹಿಡದ, ಕಾಲ ಕಡಿ ನಾ ಹಿಡದೆ. ಮಣ್ಣು ಮುಚ್ಚಿ ಅವ ಹೋದ. ನಾ ಒರಳಿಗೆ ಕೈ ಬಡಕಂಡು ಬಳಿ ಒಡಕಂಡೆ. ರಕ್ತ ಬಂತು. ಮುಂಜೇಲಿ ಬಳಿಗಾರ ಬಂದಾಗ ಅದೇ ಕೈಗೆ ಹೊಸ ಬಳಿ ಇಡಿಸಿಕೊಂಡೆ."

"ಅವ್ವಾ," ಎಂದಳು ಮೌನಿಕಾ.

"ನೀ ಸುಮ್ಕಿರು. ಇಷ್ಟು ವರ್ಷ ನಾ ಸುಮ್ಕಿದ್ದೆ, ಇವತ್ತು ಹೇಳತೀನಿ." ಜಡೆಮ್ಮನ ದನಿ ಮೊದಲ ಸಲ ಏರಿತು. "ಮಂದಿ ಮನಿ ಅರಿಷಿಣ ಕುಂಕುಮಕ್ಕ ಕರದ್ರ ಹೋಗೀನಿ. ಮುತ್ತೈದಿ ಅಂತ ಉಡಿ ತುಂಬ್ಯಾರ ನನಗ. ಹೊಸ ಸೊಸೆಂದ್ರಿಗೆ ಈ ಕೈಲೆ ಬಳಿ ಏರ್‍ಸೀನಿ. ಮನಿಗೆ ಬಂದು ಬಚ್ಚಲಾಗ ಕುಂತು ಹಣಿ ತಿಕ್ಕಿ ತಿಕ್ಕಿ ತೊಳಕೊಂಡೀನಿ. ನೀ ಎದ್ದು ಬರೋದ್ರಾಗ ಮತ್ತ ಹಚ್ಚಿಕೊಂಡೀನಿ. ಆ ಪಾಪ ಯಾವ ಹೊಳ್ಯಾಗ ಮುಳುಗಿದ್ರ ಹೋಗತೈತಿ ಹೇಳು."

ಠಾಣೆಯಲ್ಲಿ ಎಷ್ಟೋ ಸುಳ್ಳು ಕೇಳಿದವಳು ಪಂಪಾವತಿ. ಇದು ಸುಳ್ಳಲ್ಲ ಎಂದು ಅವಳ ಕಿವಿ ಹೇಳಿತು. ಅದೇ ಅವಳನ್ನು ಹೆದರಿಸಿತು. ಜಡೆಮ್ಮ ಹೇಳಿದ್ದೆಲ್ಲ ನಿಜವಾದರೆ, ಒಂದು ವಿಷಯ ಮಾತ್ರ ಎಲ್ಲಿಯೂ ಹೊಂದುತ್ತಿರಲಿಲ್ಲ.

ಅಷ್ಟರಲ್ಲಿ ಮೌನಿಕಾಳ ಫೋನ್ ಬಡಿದುಕೊಂಡಿತು. ಪ್ರೆಸ್ಸಿನವನು. ಹುಡುಗಿ ಫೋನ್ ಕಿವಿಗಿಟ್ಟಳು. ಮುಖದಲ್ಲಿ ಏನೂ ಇರಲಿಲ್ಲ.

"ಹೂಂ ಅಣ್ಣ. ಹಾಕ್ರಿ. ದಿವಂಗತ ಅಂತ ಹಾಕ್ರಿ."

ಫೋನನ್ನು ಒರಳಿನ ಮೇಲೆ ಬಳೆ ಚೂರುಗಳ ಪಕ್ಕ ಇಟ್ಟಳು. ಒಂಬತ್ತು ವರ್ಷ ಬಾಗಿಲ ಸದ್ದಿಗೆಲ್ಲ ತಲೆ ಎತ್ತಿ ನೋಡಿದ ಹುಡುಗಿ, ಅಳುವುದಕ್ಕೂ ಬಾರದೆ ನಿಂತಿದ್ದಳು.

ಪಂಪಾವತಿ ಜಡೆಮ್ಮನ ಪಕ್ಕ ಕಷ್ಟಪಟ್ಟು ಕೂತಳು. "ಒಂದೇ ಮಾತು ಕೇಳತೀನಿ. ಈ ದತ್ತೂರಿ ಹಾಕಿದ್ದು ಯಾರು?"

"ನಾನೇ. ಬೀಜ ಚೆಲ್ಲಿದೆ. ಆಡು ಕುರಿ ಬಾಯಿ ಹಾಕಬಾರ್‍ದು, ಹುಡುಗ್ರು ಆಡಾಕ ಬರಬಾರ್‍ದು ಅಂತ."

"ನೀರು?"

"ಯಾವ ನೀರು?"

"ದಿನಾ ಯಾರು ನೀರು ಹಾಕತಾರ ಇದಕ್ಕ? ಹೊಟ್ಟು ಯಾರು ಹಾಕತಾರ?"

ಜಡೆಮ್ಮ ಅರ್ಥವಾಗದವಳಂತೆ ಪಾತಿಯ ಕಡೆ ನೋಡಿದಳು. ಹಚ್ಚಗೆ ನಿಂತ ಗಿಡಗಳನ್ನು ಅವಳು ಈಗಷ್ಟೇ ಸರಿಯಾಗಿ ನೋಡುತ್ತಿರುವಂತಿತ್ತು. "ನಾ ಹಾಕಿಲ್ಲ. ಆ ಮಣ್ಣ ಹತ್ರ ನಿಲ್ಲಾಕ ನನಗ ಕಾಲೇ ಬರಂಗಿಲ್ಲ. ದೀಪ ಹಚ್ಚಿ ಹಂಗೇ ಹೋಗತೀನಿ. ಮಳಿಗೆ ಬರತಾವು ಅಂದ್ಕಂಡಿದ್ದೆ."

"ಬ್ಯಾಸಿಗ್ಯಾಗ ಎಲ್ಲಿ ಮಳಿ, ಜಡೆಮ್ಮ?"

ಪಂಪಾವತಿ ಎದ್ದು ಕುರುಗೋಡು ಠಾಣೆಗೆ ಫೋನ್ ಹಚ್ಚಿದಳು. ಇನ್ನು ಇದು ಅವಳೊಬ್ಬಳ ಕೆಲಸವಲ್ಲ. ವಿಳಾಸ ಹೇಳಿ, ಬರುವ ತನಕ ಯಾರೂ ಏನೂ ಮುಟ್ಟುವುದಿಲ್ಲ ಎಂದು ಮಾತು ಕೊಟ್ಟು ತಿರುಗಿದಾಗ, ಮೌನಿಕಾ ಓಬಳೇಶನ ಸಲಿಕೆ ಹಿಡಿದು ಪಾತಿಗೆ ಇಳಿದಿದ್ದಳು.

"ಮೌನಿಕಾ, ಬ್ಯಾಡ. ಪೊಲೀಸರು ಬರತಾರ."

"ಬರಲಿ."

"ತಪ್ಪಾಗತೈತವ್ವ. ಸಾಕ್ಷಿ ಕೆಡತಾವು."

"ನಮ್ಮಪ್ಪ ರೀ ಮೇಡಂ. ಒಂದು ಸಲ ನೋಡತೀನಿ. ಅಷ್ಟೇ. ನಮ್ಮವ್ವಗಂತೂ ನೋಡಾಕ ಬಿಡಲಿಲ್ಲ."

ತಡೆಯಲು ಮುಂದಾದ ಓಬಳೇಶನನ್ನು ಪಂಪಾವತಿಯೇ ಕಣ್ಣಿನಲ್ಲಿ ನಿಲ್ಲಿಸಿದಳು. ಕಾನೂನು ಬೇರೆ ಹೇಳುತ್ತದೆ, ಅವಳಿಗೂ ಗೊತ್ತು. ಆದರೆ ಅವಳಿಗೂ ನೋಡಬೇಕಿತ್ತು.

ಗುಡ್ಡದ ಬುಡದ ನೆಲ, ಹೆಚ್ಚು ಆಳ ತೋಡಲು ಬಂಡೆ ಬಿಡುವುದಿಲ್ಲ. ದತ್ತೂರಿಯ ಬೇರುಗಳು ಕಿತ್ತು ಬಂದವು. ಅದರ ಕಮಟು ವಾಸನೆ ಮೂಗಿಗೆ ಅಡರಿತು. ಮೊಣಕಾಲು ಆಳಕ್ಕೆ ಹೋಗುವಷ್ಟರಲ್ಲಿ ಸಲಿಕೆಗೆ ನೀಲಿ ತಾಡಪಾಲು ತಗುಲಿತು. ಮೌನಿಕಾ ಸಲಿಕೆ ಬಿಸಾಡಿ ಕೈಯಿಂದ ಮಣ್ಣು ಸರಿಸತೊಡಗಿದಳು.

ತಾಡಪಾಲು ಚಿಂದಿಯಾಗಿತ್ತು. ಒಳಗಿನ ಅಂಗಿ ಮಾತ್ರ ಗಟ್ಟಿ ಟೆರಿಕಾಟು, ಬಣ್ಣ ಹೋದರೂ ಉಳಿದಿತ್ತು. ಎದೆಯ ಕಿಸೆಗೆ ಬೇರೆ ಬಟ್ಟೆ ಹಚ್ಚಿ ಹೊಲಿದದ್ದು ಕಾಣುತ್ತಿತ್ತು. ಅದನ್ನು ನೋಡಿ ಜಡೆಮ್ಮ ಬಾಯಿಗೆ ಸೆರಗು ಒತ್ತಿಕೊಂಡಳು. ಅಂಗಿಯೊಳಗೆ ಎಲುಬು.

ಒರಳಿನ ಮೇಲೆ ಫೋನ್ ಒಮ್ಮೆ ಟಣ್ ಎಂದಿತು. ಪ್ರೆಸ್ಸಿನವನು ಲಗ್ನಪತ್ರಿಕೆಯ ಪ್ರೂಫ್ ಕಳಿಸಿದ್ದ. ಯಾರೂ ನೋಡಲಿಲ್ಲ.

ಮೌನಿಕಾ ಮುಖದ ಕಡೆ ಹೋಗಲಿಲ್ಲ. ಚಿಕ್ಕವಳಿದ್ದಾಗ ಒತ್ತುತ್ತಿದ್ದ ಕಾಲಿನ ಕಡೆ ಸರಿದಳು. ಬಲಗಾಲಿನ ಎಲುಬಿನ ಮೇಲಿನ ಮಣ್ಣನ್ನು ದುಪಟ್ಟಾದಿಂದ ಮೆಲ್ಲಗೆ ಒರೆಸಿದಳು. ಮೊಣಕಾಲಿನಿಂದ ಹಿಮ್ಮಡಿಯ ತನಕ ಒರೆಸಿದಳು. ಅವಳ ಕೈ ನಿಂತಿತು. ಎಡಗಾಲಿಗೆ ಹೋದಳು. ಅದನ್ನೂ ಒರೆಸಿದಳು. ಸುತ್ತಲಿನ ಮಣ್ಣನ್ನು ಬೆರಳಿನಿಂದ ಜರಡಿ ಹಿಡಿದಳು. ಮತ್ತೆ ಬಲಗಾಲಿಗೆ ಬಂದಳು.

"ಮೇಡಂ," ಎಂದಳು. "ಪ್ಲೇಟು ಎಲ್ಲೈತಿ?"

ಪಂಪಾವತಿ ಮೊಣಕಾಲು ನೋವು ಮರೆತು ಗುಂಡಿಯ ಅಂಚಿಗೆ ಬಂದಳು. ಎರಡೂ ಕಾಲಿನ ಎಲುಬು ನೆಟ್ಟಗೆ, ನುಣ್ಣಗೆ ಇದ್ದವು. ಸ್ಟೀಲು ಕೊಳೆಯುವುದಿಲ್ಲ. ಸ್ಕ್ರೂ ಕೊರೆದ ತೂತು ಮುಚ್ಚಿದರೂ ಗುರುತು ಇರುತ್ತದೆ. ಇಲ್ಲಿ ಯಾವುದೂ ಇರಲಿಲ್ಲ. ಈ ಮನುಷ್ಯನ ಕಾಲು ಜೀವಮಾನದಲ್ಲಿ ಒಮ್ಮೆಯೂ ಮುರಿದಿರಲಿಲ್ಲ.

ಅವಳ ಕಣ್ಣು ತಾನಾಗಿ ಪಾತಿಯ ಪಕ್ಕದ ಒದ್ದೆ ನೆಲಕ್ಕೆ ಹೋಯಿತು. ದಿಮ್ಮಿ ಇಟ್ಟು ಎತ್ತಿದಂಥ ಆ ತಗ್ಗು ಹಾಗೇ ಇತ್ತು. ದಿಮ್ಮಿಯಲ್ಲ ಅದು. ಮಡಚಲು ಬಾರದ ಬಲಗಾಲನ್ನು ಉದ್ದಕ್ಕೆ ಚಾಚಿ ಯಾರೋ ಕೂತು, ಗಿಡಕ್ಕೆ ಹೊಟ್ಟು ಹರಡಿ ಎದ್ದು ಹೋದ ಗುರುತು. ಅಂಚಿನಲ್ಲಿ ಮಣ್ಣು ಇನ್ನೂ ಆರಿರಲಿಲ್ಲ.

ಪಂಪಾವತಿ ತಲೆ ಎತ್ತಿ ಗೋಡೆಯ ಸಂದಿಯಾಚೆ ನೋಡಿದಳು. ಎರಡು ಬಂಡೆಗಳ ನಡುವೆ ತಾನೇ ತಿರುಗಿ ಇಟ್ಟಿದ್ದ ನೀಲಿ ಬಿಂದಿಗೆ ಅಲ್ಲಿ ಇರಲಿಲ್ಲ.

ಮೌನಿಕಾ ಗುಂಡಿಯಲ್ಲೇ ಕೂತಿದ್ದಳು. ಅಪ್ಪ ಬದುಕಿದ್ದಾನೆ. ಅವಳು ಒಂಬತ್ತು ವರ್ಷ ದೇವರಲ್ಲಿ ಬೇಡಿಕೊಂಡ ಮಾತು ಅದು. ಅದನ್ನು ಬಾಯಿಬಿಟ್ಟು ಹೇಳಲು ಈಗ ಅವಳಿಗೆ ಧೈರ್ಯ ಬರಲಿಲ್ಲ. ಅಪ್ಪನ ಅಂಗಿ ತೊಟ್ಟ ಈ ಎಲುಬುಗಳು ಅವಳ ಮಡಿಲ ಹತ್ತಿರವೇ ಇದ್ದವು. ಅಪ್ಪನ ಜೊತೆ ಜಗಳವಾಡಿದ ಹಮಾಲಿ ಎಲ್ಲಿ ಹೋದ ಎಂದು ಇನ್ನು ಯಾರೂ ಕೇಳಬೇಕಿರಲಿಲ್ಲ.

ಹಿಂದೆ ಗಾಜಿನ ಸಣ್ಣ ಸದ್ದಾಯಿತು. ಜಡೆಮ್ಮ ಒರಳಿನ ಮೇಲಿದ್ದ ಹಳೆಯ ಚೂರುಗಳನ್ನು ಒಂದೊಂದಾಗಿ ಅಂಗೈಗೆ ಹಾಕಿಕೊಳ್ಳುತ್ತಿದ್ದಳು. ಹಾಕಿಕೊಂಡು, ಕೈತುಂಬ ಇದ್ದ ಹೊಸ ಬಳೆಗಳನ್ನು ನೋಡಿದಳು. ಆಮೇಲೆ ಗುಂಡಿಯ ಕಡೆ ನೋಡಿದಳು.

"ಹಂಗಾರ ನಾ ಯಾರಿಗೆ ಬಳಿ ಒಡದೆ?" ಎಂದಳು.